ಹಜಾರದಲ್ಲಿ ಪ್ರೊಜೆಕ್ಟರ್ ಪರದೆ: ಮೊದಲು ಬೆಳಕು, ಆಮೇಲೆ ಬಟ್ಟೆ

ಪ್ರಶ್ನೆ: ಮೈಸೂರಿನಲ್ಲಿ ನಮ್ಮದು ಸ್ವಂತ ಮನೆ. ಹಜಾರ ಪೂರ್ವ–ಪಶ್ಚಿಮವಾಗಿ 16 ಅಡಿ ಉದ್ದ, 12 ಅಡಿ ಅಗಲ, ಛಾವಣಿ 10 ಅಡಿ ಎತ್ತರ. ತಲೆಬಾಗಿಲು ಪೂರ್ವಕ್ಕೆ, ದೊಡ್ಡ ಕಿಟಕಿ ಉತ್ತರಕ್ಕೆ. ಪಶ್ಚಿಮದ ಗೋಡೆಯ ಮೇಲೆ 43 ಇಂಚಿನ ಟಿ.ವಿ. ಇದೆ, ಸೋಫಾ ಆ ಗೋಡೆಯಿಂದ 11 ಅಡಿ ದೂರದಲ್ಲಿದೆ. ಅಪ್ಪ, ಅಮ್ಮ ದಕ್ಷಿಣದ ಗೋಡೆಗೆ ಒತ್ತಿ ಹಾಕಿರುವ ದಿವಾನದ ಮೇಲೆ ಕೂರುತ್ತಾರೆ. ಹಜಾರದ ನಡುವೆ ಸೀಲಿಂಗ್ ಫ್ಯಾನ್ ಇದೆ. ಈಚೆಗೆ ಮೇಲಿನಿಂದ ತೂಗುಹಾಕುವ, ಬೆಳಕಿನ ಅಳತೆಯಲ್ಲಿ 2,500 ಆನ್ಸಿ ಲ್ಯೂಮೆನ್ಸ್‌ನ, 1.2ರಿಂದ 1.5 ಥ್ರೋ ಅನುಪಾತದ (ಚಿತ್ರದ ಅಗಲದ ಅಷ್ಟು ಪಟ್ಟು ದೂರದಿಂದ ಎಸೆಯುವ) ಪ್ರೊಜೆಕ್ಟರ್ ಕೊಂಡೆವು. ಪರದೆಯ ವಿಷಯದಲ್ಲಿ ಒಬ್ಬ ಅಂಗಡಿಯವರು 150 ಇಂಚಿನ ಮೋಟಾರು ಪರದೆ ಹಾಕಿ ಎನ್ನುತ್ತಾರೆ. ಇನ್ನೊಬ್ಬರು ಸುತ್ತಲಿನ ಬೆಳಕನ್ನು ತಿರಸ್ಕರಿಸಿ ಹಗಲಲ್ಲೂ ಕಾಣುವ ಬೂದು ಬಣ್ಣದ ಎಎಲ್‌ಆರ್ ಪರದೆಯೇ ಬೇಕು ಎನ್ನುತ್ತಾರೆ. ಮೂರನೆಯವರು ಗೋಡೆಗೆ ಬಣ್ಣ ಬಳಿದರೆ ಸಾಕು ಎನ್ನುತ್ತಾರೆ. ಹಗಲಲ್ಲಿ ಕ್ರಿಕೆಟ್, ರಾತ್ರಿ ಸಿನಿಮಾ ನೋಡುವವರು ನಾವು. ಯಾವುದನ್ನು ಕೊಳ್ಳಬೇಕು, ಎಲ್ಲಿ ಹಾಕಬೇಕು?

ಉತ್ತರ: ನೀವು ಅಳತೆಗಳನ್ನೆಲ್ಲ ಕೊಟ್ಟು ಕೇಳಿರುವುದರಿಂದ ಉತ್ತರವನ್ನೂ ಅಳತೆಯಲ್ಲೇ ಕೊಡಬಹುದು. ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಪಶ್ಚಿಮದ ಗೋಡೆಯಲ್ಲಿ, ಟಿ.ವಿ.ಯ ಮುಂದೆ ಇಳಿಯುವಂತೆ, 16:9 ಆಕಾರದ 100 ಇಂಚಿನ ಪರದೆಯನ್ನು ಹಾಕಿಸಿ. ಅದು ಎರಡೂ ಅಂಚುಗಳನ್ನು ದಾರದಿಂದ ಬಿಗಿದ ಮೋಟಾರು ಪರದೆಯಾಗಿರಲಿ, ಬಟ್ಟೆ ಹೊಳಪಿಲ್ಲದ ಸಾದಾ ಬಿಳಿಯದಾಗಿರಲಿ. ಎಎಲ್‌ಆರ್ ಬಟ್ಟೆಗೆಂದು ಹೆಚ್ಚಿಗೆ ತೆರಬೇಕಾದ ಹಣವನ್ನು ಕಿಟಕಿ, ಬಾಗಿಲುಗಳ ಕರ್ಟನ್‌ಗೆ ಹಾಕಿ. ಹಗಲಲ್ಲಿ ಬಾಗಿಲು ತೆರೆದುಕೊಂಡು ಕ್ರಿಕೆಟ್ ನೋಡುವುದಕ್ಕೆ ಟಿ.ವಿ.ಯನ್ನು ಇದ್ದಲ್ಲೇ ಇರಲು ಬಿಡಿ. ಇನ್ನು ಈ ತೀರ್ಮಾನಕ್ಕೆ ಕಾರಣಗಳು.

ಪ್ರೊಜೆಕ್ಟರ್ ಬೆಳಕನ್ನು ಎಸೆಯಬಲ್ಲದು, ಕತ್ತಲೆಯನ್ನು ಎಸೆಯಲಾರದು. ಚಿತ್ರದಲ್ಲಿ ಎಲ್ಲಿ ಕಪ್ಪು ಇರಬೇಕೋ ಅಲ್ಲಿ ಪ್ರೊಜೆಕ್ಟರ್ ಸುಮ್ಮನಿರುತ್ತದೆ; ಆ ಜಾಗದಲ್ಲಿ ನಮಗೆ ಕಾಣುವುದು ಕೋಣೆಯ ಬೆಳಕು ಬಿದ್ದ ಪರದೆಯ ಬಣ್ಣ ಮಾತ್ರ. ಹಗಲಲ್ಲಿ ಕಿಟಕಿ ತೆರೆದಿರುವಾಗ ನಿಮ್ಮ ಪಶ್ಚಿಮದ ಗೋಡೆಯ ಮೇಲೆ 300 ಲಕ್ಸ್ (ಒಂದು ಚದರ ಮೀಟರಿಗೆ ಬೀಳುವ ಬೆಳಕಿನ ಅಳತೆ) ಬೆಳಕು ಬೀಳುತ್ತದೆ ಎಂದಿಟ್ಟುಕೊಳ್ಳಿ. ನಿಮ್ಮ ಪ್ರೊಜೆಕ್ಟರ್ ತನ್ನ ಪೂರ್ಣ ಶಕ್ತಿಯಲ್ಲಿ 100 ಇಂಚಿನ ಪರದೆಗೆ, ಅಂದರೆ ಸುಮಾರು 2.76 ಚದರ ಮೀಟರ್ ಜಾಗಕ್ಕೆ, ಸುಮಾರು 900 ಲಕ್ಸ್ ಬೆಳಕನ್ನು ಕೊಡುತ್ತದೆ. ಆಗ ಚಿತ್ರದ ಬಿಳಿ 1,200, ಕಪ್ಪು 300. ಇವೆರಡರ ಅಂತರ ಕೇವಲ ನಾಲ್ಕು ಪಟ್ಟು. ಕ್ರಿಕೆಟ್ ಮೈದಾನದ ಹಸಿರು ಹೇಗೋ ಕಾಣುತ್ತದೆ, ಆಟಗಾರನ ಹೆಲ್ಮೆಟ್ಟಿನ ಒಳಗಿನ ಮುಖ ಕಾಣುವುದಿಲ್ಲ. ಈಗ ಬೆಳಕು ತಡೆಯುವ ಕರ್ಟನ್ ಎಳೆದು, ಬಾಗಿಲು ಮುಚ್ಚಿ, ಗೋಡೆಯ ಮೇಲಿನ ಬೆಳಕನ್ನು 15 ಲಕ್ಸ್‌ಗೆ ಇಳಿಸಿದಿರಿ ಎನ್ನಿ. ಅದೇ ಪರದೆ, ಅದೇ ಪ್ರೊಜೆಕ್ಟರ್. ಅಂತರ ಈಗ ಅರವತ್ತು ಪಟ್ಟು.

ಈ ಲೆಕ್ಕವನ್ನು ಮುಂದಿಟ್ಟುಕೊಂಡು ಎಎಲ್‌ಆರ್ ಬಟ್ಟೆಯನ್ನು ತೂಗಿ ನೋಡೋಣ. ಸುತ್ತಲಿನ ಬೆಳಕನ್ನು ತಿರಸ್ಕರಿಸುವ ಈ ಬಟ್ಟೆ ಒಂದು ದಿಕ್ಕಿನಿಂದ ಬಂದ ಬೆಳಕನ್ನು ನೋಡುಗರ ಕಡೆಗೂ, ಉಳಿದ ದಿಕ್ಕುಗಳಿಂದ ಬಂದದ್ದನ್ನು ಬೇರೆಡೆಗೂ ಕಳಿಸುವಂತೆ ತಯಾರಾಗಿರುತ್ತದೆ. ಅದು ನಿಮ್ಮ ಹಜಾರದ ಬೆಳಕಿನಲ್ಲಿ ಅರ್ಧವನ್ನು ತಡೆಯಿತು, ಪ್ರೊಜೆಕ್ಟರಿನ ಬೆಳಕಿನಲ್ಲಿ ಐದನೆಯ ಒಂದು ಭಾಗವನ್ನು ತಾನೂ ನುಂಗಿತು ಎಂದುಕೊಂಡರೆ, ಕರ್ಟನ್ ಇಲ್ಲದ ಹಗಲಿನಲ್ಲಿ ನಾಲ್ಕು ಪಟ್ಟಿನ ಅಂತರ ಸುಮಾರು ಆರು ಪಟ್ಟಾಗುತ್ತದೆ. ನಾಲ್ಕಕ್ಕಿಂತ ಆರು ಹೆಚ್ಚು, ನಿಜ. ಆದರೆ ಅರವತ್ತರ ಹತ್ತಿರಕ್ಕೂ ಅದು ಬರುವುದಿಲ್ಲ. ಅಂಗಡಿಯಲ್ಲಿ ಎರಡು ಬಟ್ಟೆಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದಾಗ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ, ಏಕೆಂದರೆ ಅಲ್ಲಿ ಕರ್ಟನ್ ಎಳೆದ ಮೂರನೆಯ ಪರದೆಯನ್ನು ಪಕ್ಕಕ್ಕಿಟ್ಟು ಯಾರೂ ತೋರಿಸುವುದಿಲ್ಲ.

ನಿಮ್ಮ ಮನೆಯ ಮಟ್ಟಿಗೆ ಎಎಲ್‌ಆರ್ ಬೇಡ ಎನ್ನಲು ಇನ್ನೆರಡು ಕಾರಣಗಳಿವೆ. ಮೊದಲನೆಯದು ದಿವಾನ. ದಿವಾನದ ಮೇಲೆ ಕುಳಿತವರು ಪರದೆಯ ನಡುವಿನಿಂದ ಸುಮಾರು ಐದು ಅಡಿ ಪಕ್ಕಕ್ಕೂ ಎಂಟು ಅಡಿ ದೂರಕ್ಕೂ ಇದ್ದಾರೆಂದರೆ, ಪರದೆಯ ಮಧ್ಯವನ್ನು 32 ಡಿಗ್ರಿ ಓರೆಯಿಂದ, ಅದರ ಆಚೆಯ ಅಂಚನ್ನು ಸುಮಾರು 47 ಡಿಗ್ರಿ ಓರೆಯಿಂದ ನೋಡುತ್ತಾರೆ. ಸಾದಾ ಬಿಳಿ ಬಟ್ಟೆ ಬೆಳಕನ್ನು ಎಲ್ಲ ದಿಕ್ಕುಗಳಿಗೂ ಹೆಚ್ಚುಕಡಿಮೆ ಸಮನಾಗಿ ಹಂಚುವುದರಿಂದ ಅವರಿಗೂ ಸೋಫಾದವರಿಗೂ ಒಂದೇ ಚಿತ್ರ ಕಾಣುತ್ತದೆ. ದಿಕ್ಕು ನೋಡಿ ಬೆಳಕು ಕಳಿಸುವ ಬಟ್ಟೆಯಾದರೆ ಸೋಫಾದ ನಡುವೆ ಕುಳಿತವರಿಗೆ ಹಬ್ಬ, ಹಿರಿಯರಿಗೆ ಮಬ್ಬು. ಮನೆಯ ಹಿರಿಯರು ದಿನವೂ ಕೂರುವ ಜಾಗವನ್ನು ಪರದೆಗಾಗಿ ಬದಲಿಸುವುದಕ್ಕಿಂತ, ಆ ಜಾಗಕ್ಕೆ ಒಪ್ಪುವ ಪರದೆಯನ್ನು ತರುವುದೇ ಸರಿ.

ಎರಡನೆಯ ಕಾರಣ ಇನ್ನೂ ಗಂಭೀರವಾದದ್ದು. ಎಎಲ್‌ಆರ್ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಬಗೆಯ ಬಟ್ಟೆಗಳು ಮಾರಾಟವಾಗುತ್ತವೆ. ಈಗ ಹೆಚ್ಚಾಗಿ ಕಾಣುವುದು ಗೋಡೆಯ ಬುಡದಲ್ಲಿ, ಟಿ.ವಿ. ಸ್ಟ್ಯಾಂಡಿನ ಮೇಲೆ ಇಡುವ ಅಲ್ಟ್ರಾ ಶಾರ್ಟ್ ಥ್ರೋ ಪ್ರೊಜೆಕ್ಟರುಗಳಿಗಾಗಿ ಮಾಡಿದ್ದು. ಅದರ ಮೇಲ್ಮೈಯಲ್ಲಿ ಗರಗಸದ ಹಲ್ಲುಗಳಂಥ ಅತಿ ಸಣ್ಣ ಅಡ್ಡಗೆರೆಗಳಿದ್ದು, ಕೆಳಗಿನಿಂದ ಬಂದ ಬೆಳಕನ್ನು ನೋಡುಗರತ್ತ ತಿರುಗಿಸಿ, ಮೇಲಿನಿಂದ ಬಂದದ್ದನ್ನು ಹೀರಿಕೊಳ್ಳುತ್ತದೆ. ನಿಮ್ಮ ಪ್ರೊಜೆಕ್ಟರ್ ಇರುವುದು ಮೇಲೆ. ಆ ಪರದೆಯ ಪಾಲಿಗೆ ನಿಮ್ಮ ಪ್ರೊಜೆಕ್ಟರೂ ಸೀಲಿಂಗ್ ದೀಪವೂ ಒಂದೇ. ಎರಡರ ಬೆಳಕನ್ನೂ ಅದು ತಿರಸ್ಕರಿಸುತ್ತದೆ. ಮೇಲಿನಿಂದ ತೂಗುಹಾಕುವ ಪ್ರೊಜೆಕ್ಟರಿಗೆ ಹೊಂದುವ ಎಎಲ್‌ಆರ್ ಬಟ್ಟೆಗಳೂ ಇವೆಯಾದರೂ, ಅವುಗಳಲ್ಲಿ ಹಲವಕ್ಕೆ ಪ್ರೊಜೆಕ್ಟರ್ ಚಿತ್ರದ ಅಗಲದ ಒಂದೂವರೆ ಪಟ್ಟು ಅಥವಾ ಅದಕ್ಕೂ ಹೆಚ್ಚು ದೂರದಲ್ಲಿರಬೇಕಾಗುತ್ತದೆ. ಹತ್ತಿರವಾದರೆ ಪರದೆಯ ನಡುಭಾಗ ಬೆಳಗಿ ಮೂಲೆಗಳು ಕಂದುತ್ತವೆ. ನಿಮ್ಮದು ಹೆಚ್ಚೆಂದರೆ ಒಂದೂವರೆ ಪಟ್ಟು ದೂರದಿಂದ ಎಸೆಯುವ ಯಂತ್ರ. ಅಂಗಡಿಯವರು ಈ ಎರಡು ಬಗೆಗಳನ್ನು ಬೇರ್ಪಡಿಸಿ ಹೇಳದೆ ಬರೀ ಎಎಲ್‌ಆರ್ ಎಂದಷ್ಟೇ ಹೇಳಿದ್ದರೆ, ಅವರ ಸಲಹೆಯನ್ನು ಅಲ್ಲಿಗೇ ಬಿಡಬಹುದು.

ಹಾಗಾದರೆ ಹೆಚ್ಚು ಗೇನ್ ಇರುವ ಹೊಳಪಿನ ಬಿಳಿ ಬಟ್ಟೆ ಆಗಬಹುದೇ ಎಂದು ನೀವು ಕೇಳಬಹುದು. ಎಲ್ಲ ದಿಕ್ಕಿಗೂ ಸಮನಾಗಿ ಬೆಳಕು ಹಂಚುವ ಆದರ್ಶ ಬಿಳಿ ಮೇಲ್ಮೈಯ ಗೇನ್ 1 ಎಂದು ಲೆಕ್ಕ. 2 ಎಂದರೆ ಎದುರು ಕುಳಿತವರಿಗೆ ಅದರ ಎರಡು ಪಟ್ಟು ಬೆಳಕು. ಆ ಹೆಚ್ಚಿನ ಬೆಳಕು ಹೊಸದಾಗಿ ಹುಟ್ಟಿದ್ದಲ್ಲ, ಪಕ್ಕದಲ್ಲಿ ಕುಳಿತವರಿಂದ ಕಿತ್ತುಕೊಂಡದ್ದು. ನಿಮಗೆ ಅದರ ಅಗತ್ಯವೂ ಇಲ್ಲ. ಬಣ್ಣಗಳು ಸರಿಯಾಗಿ ಕಾಣುವ ಸಿನಿಮಾ ಮೋಡಿನಲ್ಲಿ ಪ್ರೊಜೆಕ್ಟರಿನ ಬೆಳಕು ಡಬ್ಬದ ಮೇಲೆ ಬರೆದದ್ದಕ್ಕಿಂತ ಎಷ್ಟೋ ಕಡಿಮೆಯಾಗುತ್ತದೆ. ನಿಮ್ಮ 2,500ರಲ್ಲಿ 1,500 ಉಳಿಯಿತು ಎಂದರೂ 100 ಇಂಚಿನ, ಗೇನ್ 1 ಇರುವ ಪರದೆಯ ಮೇಲೆ ಸುಮಾರು 170 ನಿಟ್ಸ್ ಹೊಳಪು ಬರುತ್ತದೆ. ಚಿತ್ರಮಂದಿರದ ಡಿಜಿಟಲ್ ಪ್ರದರ್ಶನಕ್ಕೆ ನಿಗದಿಯಾಗಿರುವ ಹೊಳಪು 48 ನಿಟ್ಸ್. ಕತ್ತಲಾದ ಮೇಲೆ ನಿಮ್ಮ ಹಜಾರದಲ್ಲಿ ಬೆಳಕಿಗೆ ಕೊರತೆ ಇರುವುದಿಲ್ಲ, ಇಕೋ ಮೋಡ್ ಕೂಡ ಸಾಕಾಗುತ್ತದೆ. 0.8ರ ಆಸುಪಾಸಿನ ಗೇನ್ ಇರುವ ತಿಳಿ ಬೂದು ಬಟ್ಟೆಯೂ ಇದೆ. ಕರ್ಟನ್ ಹಾಕಲು ಸಾಧ್ಯವೇ ಇಲ್ಲದ, ಗೋಡೆಗಳೆಲ್ಲ ಬಿಳಿಯಾದ ಹಜಾರಕ್ಕೆ ಅದನ್ನು ನಾನು ಹೇಳಬಹುದು; ನಿಮಗೆ ಬಿಳಿಯೇ ಸಾಕು.

ಈಗ ಗಾತ್ರ. ಸಿನಿಮಾ ಮತ್ತು ಟಿ.ವಿ. ತಂತ್ರಜ್ಞರ ಸಂಘಟನೆಯಾದ ಎಸ್‌ಎಂಪಿಟಿಇ ಹೇಳುವಂತೆ ಪರದೆಯ ಅಗಲ ನಮ್ಮ ಕಣ್ಣಿಗೆ ಕನಿಷ್ಠ 30 ಡಿಗ್ರಿಯಷ್ಟಾದರೂ ಹರಡಿರಬೇಕು. ಟಿಎಚ್‌ಎಕ್ಸ್ ಸಂಸ್ಥೆ ಸೂಚಿಸುವುದು ಸುಮಾರು 40 ಡಿಗ್ರಿ. 100 ಇಂಚಿನ 16:9 ಪರದೆಯ ಅಗಲ 221 ಸೆಂ.ಮೀ., ಎತ್ತರ 124.5 ಸೆಂ.ಮೀ. ನಿಮ್ಮ ಸೋಫಾದ 11 ಅಡಿ ದೂರದಿಂದ ಅದು ಸುಮಾರು 37 ಡಿಗ್ರಿ ತುಂಬುತ್ತದೆ. 110 ಇಂಚಿನದು ಸರಿಸುಮಾರು 40 ಡಿಗ್ರಿ ಆಗುತ್ತದೆ. ಈ ಎರಡರಲ್ಲಿ ಯಾವುದಾದರೂ ಆಗಬಹುದು. ನಾನು 100 ಎನ್ನುವುದು ಎತ್ತರದ ಮತ್ತು ಫ್ಯಾನಿನ ಕಾರಣಕ್ಕೆ, ಅದನ್ನು ಕೆಳಗೆ ವಿವರಿಸುತ್ತೇನೆ.

150 ಇಂಚಿನ ಸಲಹೆ ಕೊಟ್ಟವರು ನಿಮ್ಮ ಹಜಾರವನ್ನು ನೋಡಿಲ್ಲವೆಂದೇ ತಿಳಿಯುತ್ತೇನೆ. ಆ ಪರದೆಯ ಚಿತ್ರವೇ 332 ಸೆಂ.ಮೀ. ಅಗಲ, ಅಂದರೆ 10 ಅಡಿ 11 ಇಂಚು. ಪರದೆ ಸುತ್ತಿಕೊಳ್ಳುವ ಪೆಟ್ಟಿಗೆ ಇನ್ನೂ ಉದ್ದ. 12 ಅಡಿಯ ಗೋಡೆಯಲ್ಲಿ ಅದು ತುರುಕಿದಂತಾಗುತ್ತದೆ, ಸ್ಪೀಕರಿಗೆ ಜಾಗ ಉಳಿಯುವುದಿಲ್ಲ. ಥ್ರೋ ಅನುಪಾತ 1.2 ಎಂದರೂ ಪ್ರೊಜೆಕ್ಟರ್ ಸುಮಾರು 4 ಮೀಟರ್ ಹಿಂದೆ, ಸೋಫಾದ ಬೆನ್ನ ಹಿಂದೆ ಹೋಗಬೇಕು. ಅದೇ ಬೆಳಕು ಎರಡೂಕಾಲು ಪಟ್ಟು ದೊಡ್ಡ ಜಾಗಕ್ಕೆ ಹರಡಿ ತೆಳುವಾಗುತ್ತದೆ. ನೋಡುವ ಕೋನ 53 ಡಿಗ್ರಿ ಆಗುವುದರಿಂದ ಸ್ಕೋರು ನೋಡಲು ತಲೆ ತಿರುಗಿಸಬೇಕಾಗುತ್ತದೆ. ಪರದೆ ದೊಡ್ಡದಾದಷ್ಟೂ ಸುಖ ಎಂಬುದು ಮೊದಲ ವಾರದ ಮಾತು.

ಗಾತ್ರದ ವಿಷಯದಲ್ಲಿಯೇ ಇನ್ನೊಂದು ಎಚ್ಚರಿಕೆ. ಬೆಂಗಳೂರಿನ ಎಸ್.ಪಿ. ರಸ್ತೆಯಿರಲಿ, ನಿಮ್ಮೂರಿನ ಅಂಗಡಿಯಿರಲಿ, ಪರದೆಗಳನ್ನು ಈಗಲೂ ಅಡಿಯ ಲೆಕ್ಕದಲ್ಲಿ ಮಾರುವುದುಂಟು; ಅವುಗಳಲ್ಲಿ ಹಲವು ಶಾಲೆ, ಕಚೇರಿಗಳಿಗಾಗಿ ಮಾಡಿದ 4:3 ಆಕಾರದವು. 8×6 ಅಡಿಯ ಪರದೆಯ ಕರ್ಣ ಸರಿಯಾಗಿ 120 ಇಂಚು, ಹಾಗಾಗಿ ಅದನ್ನು 120 ಇಂಚೆಂದೇ ಕರೆಯುತ್ತಾರೆ. ಅದರೊಳಗೆ 16:9 ಚಿತ್ರ ಬಿಟ್ಟರೆ ಸಿಗುವುದು 110 ಇಂಚು ಮಾತ್ರ. ಮೇಲೆ ಕೆಳಗೆ ಒಟ್ಟು ಒಂದೂವರೆ ಅಡಿ ಬಿಳಿ ಬಟ್ಟೆ ಖಾಲಿ ಉಳಿದು, ಚಿತ್ರದ ಅಂಚಿನ ಕಪ್ಪನ್ನು ಕೆಡಿಸುತ್ತದೆ. ಆದ್ದರಿಂದ ಆರ್ಡರ್ ಕೊಡುವಾಗ ಕರ್ಣದ ಬದಲು ಬಿಳಿ ಭಾಗದ ಅಗಲ ಮತ್ತು ಎತ್ತರವನ್ನು ಸೆಂಟಿಮೀಟರಿನಲ್ಲಿ ಬರೆಸಿ. 2.39:1 ಆಕಾರದ ಅಗಲ ಸಿನಿಮಾ ಬಂದಾಗ 16:9 ಪರದೆಯಲ್ಲೂ ಎತ್ತರದ ಕಾಲು ಭಾಗ ಖಾಲಿ ಉಳಿಯುತ್ತದೆ. ಕ್ರಿಕೆಟ್, ಧಾರಾವಾಹಿ, ಯೂಟ್ಯೂಬ್ ಎಲ್ಲವೂ 16:9 ಆಗಿರುವ ಮನೆಯಲ್ಲಿ ಅದನ್ನು ಸಹಿಸಿಕೊಳ್ಳುವುದೇ ಲೇಸು.

ಯಾವ ಗೋಡೆ ಎಂಬ ಪ್ರಶ್ನೆಗೆ ನಿಮ್ಮ ಮನೆಯಲ್ಲಿ ಉತ್ತರ ಸುಲಭ. ದಕ್ಷಿಣದ ಗೋಡೆ ಉತ್ತರದ ಕಿಟಕಿಗೆ ನೇರ ಎದುರು. ಪರದೆಗೆ ಕಿಟಕಿಯ ಎದುರಿನ ಗೋಡೆಗಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಪೂರ್ವದಲ್ಲಿ ತಲೆಬಾಗಿಲಿದೆ, ಬಂದುಹೋಗುವವರು ಪರದೆಯ ಮುಂದೆಯೇ ಓಡಾಡಬೇಕಾಗುತ್ತದೆ. ಉತ್ತರದಲ್ಲಿ ಕಿಟಕಿಯೇ ಇದೆ. ಉಳಿದದ್ದು ಪಶ್ಚಿಮ. ಅಲ್ಲಿ ಕಿಟಕಿಯ ಬೆಳಕು ಪಕ್ಕದಿಂದ ಓರೆಯಾಗಿ ಬೀಳುತ್ತದೆ, ತಲೆಬಾಗಿಲಿನದು ಸೋಫಾದ ಹಿಂದಿನಿಂದ ನೇರವಾಗಿ ಬೀಳುತ್ತದೆ. ಉತ್ತರದ ಕಿಟಕಿಯಿಂದ ವರ್ಷದ ಬಹುಪಾಲು ನೇರ ಬಿಸಿಲು ಬರುವುದಿಲ್ಲ. ಮೈಸೂರಿನ ಅಕ್ಷಾಂಶದಲ್ಲಿ ಸೂರ್ಯ ನಡುಹಗಲಲ್ಲೂ ನೆತ್ತಿಯಿಂದ ಉತ್ತರಕ್ಕೆ ವಾಲುವುದು ಸುಮಾರಾಗಿ ಏಪ್ರಿಲ್ ಕೊನೆಯಿಂದ ಆಗಸ್ಟ್‌ವರೆಗೆ ಮಾತ್ರ. ನಿಮ್ಮನ್ನು ಕಾಡುವುದು ತೆರೆದ ತಲೆಬಾಗಿಲಿನ ಬೆಳಗಿನ ಬಿಸಿಲು. ಬೆಳಿಗ್ಗೆ 9.30ಕ್ಕೆ ಶುರುವಾಗುವ ಟೆಸ್ಟ್ ಪಂದ್ಯವನ್ನು ಪರದೆಯ ಮೇಲೆ ನೋಡಬೇಕೆಂದರೆ ಜಾಲರಿ ಬಾಗಿಲಷ್ಟೇ ಹಾಕಿದರೆ ಸಾಲದು, ಮರದ ಬಾಗಿಲನ್ನೂ ಮುಚ್ಚಬೇಕು. ಅಷ್ಟು ಹೊತ್ತಿನಲ್ಲಿ ತಲೆಬಾಗಿಲು ಮುಚ್ಚಲು ಮನೆಯ ಹಿರಿಯರು ಒಪ್ಪುವುದು ಕಷ್ಟ, ಟಿ.ವಿ.ಯನ್ನು ಉಳಿಸಿಕೊಳ್ಳಿ ಎಂದದ್ದು ಅದಕ್ಕೇ. ಐಪಿಎಲ್‌ನ ಬಹುತೇಕ ಪಂದ್ಯಗಳು ಸಂಜೆ 7.30ಕ್ಕೆ ಶುರುವಾಗುವುದರಿಂದ ಪರದೆಗೂ ಸಾಕಷ್ಟು ಕೆಲಸ ಸಿಗುತ್ತದೆ.

ಕರ್ಟನ್ ವಿಷಯದಲ್ಲಿ ಒಂದೆರಡು ಸಂಗತಿಗಳನ್ನು ದರ್ಜಿಗೂ ಫಿಟ್ಟಿಂಗ್ ಮಾಡುವವರಿಗೂ ಬಿಡಿಸಿ ಹೇಳಬೇಕು. ಬಟ್ಟೆ ಬ್ಲ್ಯಾಕ್‌ಔಟ್ ಆಗಿದ್ದರೆ ಸಾಲದು; ರಾಡು ಕಿಟಕಿಯ ಚೌಕಟ್ಟಿನಿಂದ ಎರಡೂ ಕಡೆ ಗೇಣುದ್ದವಾದರೂ ಆಚೆ ಚಾಚಿರಬೇಕು. ಇಲ್ಲವಾದರೆ ಬೆಳಕು ಅಂಚುಗಳಿಂದ ಸೋರಿ ಗೋಡೆಯ ಮೇಲೆ ಉದ್ದ ಪಟ್ಟೆಗಳನ್ನು ಹಾಕುತ್ತದೆ. ಮೇಲ್ಭಾಗಕ್ಕೆ ಪೆಲ್ಮೆಟ್ ಬೇಕು, ಏಕೆಂದರೆ ರಾಡಿನ ಮೇಲಿಂದ ನುಗ್ಗುವ ಬೆಳಕು ಬಿಳಿ ಸೀಲಿಂಗಿಗೆ ತಾಗಿ ಇಡೀ ಹಜಾರಕ್ಕೆ ಹರಡುತ್ತದೆ. ಹಳೆಯ ಮನೆಗಳಲ್ಲಿ ಕಿಟಕಿ, ಬಾಗಿಲುಗಳ ಮೇಲೆ ವೆಂಟಿಲೇಟರ್ ಇರುತ್ತದೆ. ಎಲ್ಲ ಮುಚ್ಚಿದ ಮೇಲೂ ಬೆಳಕು ಎಲ್ಲಿಂದ ಬರುತ್ತಿದೆ ಎಂದು ತಿಳಿಯದಿದ್ದರೆ ಅಲ್ಲಿ ನೋಡಿ. ನೆಲವನ್ನೂ ಮರೆಯಬೇಡಿ. ಪಾಲಿಶ್ ಮಾಡಿದ ವಿಟ್ರಿಫೈಡ್ ಟೈಲ್ಸ್ ಪರದೆಯ ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಪರದೆಯ ಬುಡದಿಂದ ಸೋಫಾವರೆಗೆ ಗಾಢ ಬಣ್ಣದ ಜಮಖಾನೆ ಹಾಸಿದರೆ ಆ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ, ಶಬ್ದವೂ ಹದವಾಗುತ್ತದೆ.

ಎತ್ತರದ ವಿಷಯಕ್ಕೆ ಬರೋಣ. ನಮ್ಮ ಮನೆಗಳಲ್ಲಿ ಅತಿ ಹೆಚ್ಚು ತಪ್ಪುವುದು ಇಲ್ಲೇ. ಪೆಟ್ಟಿಗೆಯನ್ನು ಸೀಲಿಂಗಿಗೆ ಒತ್ತಿ ಹಾಕಿ, ಬಟ್ಟೆ ಎಲ್ಲಿಗೆ ಬರುತ್ತದೋ ಅಲ್ಲಿಗೆ ಚಿತ್ರವನ್ನು ಬಿಡುವುದು ಫಿಟ್ಟಿಂಗ್ ಮಾಡುವವರ ವಾಡಿಕೆ. ಪರಿಣಾಮವಾಗಿ ಮನೆಯವರೆಲ್ಲ ಚಿತ್ರಮಂದಿರದ ಮೊದಲ ಸಾಲಿನಲ್ಲಿ ಕುಳಿತಂತೆ ಕತ್ತೆತ್ತಿ ನೋಡಬೇಕಾಗುತ್ತದೆ. ಲೆಕ್ಕವನ್ನು ಕೆಳಗಿನಿಂದ ಶುರುಮಾಡಿ. ಸೋಫಾದಲ್ಲಿ ಕುಳಿತವರ ಕಣ್ಣು ನೆಲದಿಂದ ಸುಮಾರು 100–105 ಸೆಂ.ಮೀ. ಮೇಲಿರುತ್ತದೆ, ಅದು ಚಿತ್ರದ ಕೆಳಗಿನ ಮೂರನೆಯ ಒಂದು ಭಾಗದೊಳಗೆ ಬರಬೇಕು. ಚಿತ್ರದ ಕೆಳ ಅಂಚನ್ನು ನೆಲದಿಂದ 76 ಸೆಂ.ಮೀ., ಅಂದರೆ ಎರಡೂವರೆ ಅಡಿಗೆ ನಿಲ್ಲಿಸಿದರೆ, ಮೇಲಂಚು 2 ಮೀಟರಿಗೆ ಬರುತ್ತದೆ, ನಡುಭಾಗ 138 ಸೆಂ.ಮೀ.ಗೆ ಬರುತ್ತದೆ. ಸೋಫಾದಿಂದ ನಡುಭಾಗವನ್ನು ನೋಡಲು ಕಣ್ಣನ್ನು ಆರು ಡಿಗ್ರಿಯ ಆಸುಪಾಸು ಎತ್ತಿದರೆ ಸಾಕು. ಜಮಖಾನೆಯ ಮೇಲೆ ಕೂರುವ ಮಕ್ಕಳ ಕಣ್ಣು ಇನ್ನೂ ಒಂದಡಿ ಕೆಳಗಿರುತ್ತದೆ. ಅವರು ಪರದೆಯಿಂದ ಎರಡು ಮೀಟರ್ ಹಿಂದೆ ಕುಳಿತರೆ ಅವರಿಗೂ ಮೇಲಂಚು ಸಹಿಸುವ ಕೋನದಲ್ಲೇ ಇರುತ್ತದೆ. ಬಟ್ಟೆಯ ಕೆಳಗಿನ ಕಪ್ಪು ಅಂಚು, ಭಾರದ ಕಂಬಿ ಸೇರಿ ಇನ್ನೂ ಏಳೆಂಟು ಸೆಂ.ಮೀ. ಇಳಿಯುತ್ತದೆ, ಟಿ.ವಿ. ಯೂನಿಟ್ಟಿನ ಮೇಲಿಟ್ಟ ವಸ್ತುಗಳಿಗೆ ಅದು ತಾಗದಂತೆ ನೋಡಿಕೊಳ್ಳಿ.

ಮೇಲಂಚು 2 ಮೀಟರಿನಲ್ಲಿ, ಸೀಲಿಂಗು 3.05 ಮೀಟರಿನಲ್ಲಿ. ಪೆಟ್ಟಿಗೆಯನ್ನು ಸೀಲಿಂಗಿಗೆ ಹಾಕಿದರೆ, ಅದರ ದಪ್ಪವನ್ನು ಕಳೆದು, ಬಿಳಿ ಭಾಗ ಶುರುವಾಗುವ ಮೊದಲು ಸುಮಾರು 90 ಸೆಂ.ಮೀ. ಕಪ್ಪು ಬಟ್ಟೆ ಬೇಕು. ಇದನ್ನು ಅಂಗಡಿಗಳಲ್ಲಿ ಬ್ಲ್ಯಾಕ್ ಡ್ರಾಪ್ ಎನ್ನುತ್ತಾರೆ. ಸಿದ್ಧ ಪರದೆಗಳಲ್ಲಿ ಅದು ಸಾಮಾನ್ಯವಾಗಿ ಇಷ್ಟು ಉದ್ದ ಇರುವುದಿಲ್ಲ. ಒಂದೋ ಅಷ್ಟು ಉದ್ದವನ್ನು ಹೇಳಿ ಮಾಡಿಸಬೇಕು, ಇಲ್ಲವೇ ಪೆಟ್ಟಿಗೆಯನ್ನೇ ಸುಮಾರು 2.4 ಮೀಟರಿನ ಎತ್ತರದಲ್ಲಿ ಗೋಡೆಗೆ ಕಬ್ಬಿಣದ ಬ್ರಾಕೆಟ್ ಕೊಟ್ಟು ಕೂರಿಸಬೇಕು. ಎರಡನೆಯದು ನೋಡಲು ಅಷ್ಟು ಚೆನ್ನಾಗಿರುವುದಿಲ್ಲ, ಆದರೂ ನನ್ನ ಒಲವು ಅದರ ಕಡೆಗೇ: ಬಟ್ಟೆಯ ಒಟ್ಟು ಉದ್ದ ಕಡಿಮೆಯಾದಷ್ಟೂ ಅಲೆಯೂ ಕಡಿಮೆ, ಮುಂದೆ ಮೋಟಾರು ಕೆಟ್ಟರೆ ಸ್ಟೂಲಿನ ಮೇಲೆ ನಿಂತು ಬಿಚ್ಚಬಹುದು. ಬ್ರಾಕೆಟ್ ಟಿ.ವಿ.ಯ ಮುಖಕ್ಕಿಂತ ಮುಂದೆ ಬಟ್ಟೆ ಇಳಿಯುವಷ್ಟು ಚಾಚಿರಬೇಕು, ಟಿ.ವಿ. ಗೋಡೆಯಿಂದ ಎಷ್ಟು ಹೊರಬಂದಿದೆ ಎಂದು ಅಳೆದು, ಅದಕ್ಕೆ ನಾಲ್ಕು ಬೆರಳು ಸೇರಿಸಿ. ಸೀಲಿಂಗಿಗೇ ಹಾಕುವುದಾದರೆ ತೂಕ ಕಾಂಕ್ರೀಟ್ ಸ್ಲ್ಯಾಬಿನ ಮೇಲೆ ಬೀಳಬೇಕು. ಜಿಪ್ಸಂ ಫಾಲ್ಸ್ ಸೀಲಿಂಗಿನ ಹಲಗೆಗೆ ತಿರುಪು ಹಾಕಿ ನಿಲ್ಲಿಸುವುದನ್ನು ಯಾರೇ ಹೇಳಿದರೂ ಒಪ್ಪಬೇಡಿ.

ಇನ್ನು ಫ್ಯಾನ್. ಹಜಾರದ ನಡುವಿನ ಫ್ಯಾನು ಪರದೆಯ ಗೋಡೆಯಿಂದ 8 ಅಡಿ ದೂರದಲ್ಲಿದೆ, 1,200 ಮಿ.ಮೀ. ರೆಕ್ಕೆಯ ಹರಹು ಎಂದರೆ 6ರಿಂದ 10 ಅಡಿಯವರೆಗಿನ ಜಾಗ ಅದರದು. 100 ಇಂಚಿನ ಚಿತ್ರಕ್ಕೆ ನಿಮ್ಮ ಪ್ರೊಜೆಕ್ಟರ್ ಪರದೆಯಿಂದ 2.65ರಿಂದ 3.3 ಮೀಟರ್, ಅಂದರೆ ಸುಮಾರು ಒಂಬತ್ತರಿಂದ ಹನ್ನೊಂದು ಅಡಿ ದೂರದಲ್ಲಿರಬೇಕು. ಬಟ್ಟೆ ಗೋಡೆಯಿಂದ ಅರ್ಧ ಅಡಿಯಷ್ಟು ಮುಂದೆ ಇಳಿಯುವುದರಿಂದ, ಫ್ಯಾನಿನ ರೆಕ್ಕೆ ದಾಟಿದ ಕೂಡಲೇ, ಗೋಡೆಯಿಂದ ಹನ್ನೊಂದು ಅಡಿಗೆ ಅದನ್ನು ತೂಗುಹಾಕಬಹುದು. ಅದನ್ನು ಸೀಲಿಂಗಿಗೆ ಅಂಟಿಸಿದಂತೆ ಹಾಕಿ, ಕೆಳಕ್ಕೆ ಬಾಗಿಸಿ, ಓರೆಯಾದ ಚಿತ್ರವನ್ನು ಕೀಸ್ಟೋನ್ ಎಂಬ ಹೊಂದಾಣಿಕೆಯಿಂದ ನೇರ ಮಾಡಿದರೆ ಬೆಳಕಿನ ದಾರಿಗೆ ರೆಕ್ಕೆ ಅಡ್ಡ ಬಂದು ಚಿತ್ರ ಮಿಣುಕುತ್ತದೆ. ಕೀಸ್ಟೋನ್ ಚಿತ್ರದ ಸೂಕ್ಷ್ಮತೆಯನ್ನೂ ತಿನ್ನುತ್ತದೆ. ತಲೆಕೆಳಗಾಗಿ ತೂಗುಹಾಕುವ, ಪುಟ್ಟ ಕನ್ನಡಿಗಳಿಂದ ಚಿತ್ರ ಮೂಡಿಸುವ ಬಹುತೇಕ ಡಿಎಲ್‌ಪಿ ಪ್ರೊಜೆಕ್ಟರುಗಳ ಲೆನ್ಸು ಚಿತ್ರದ ಮೇಲಂಚಿಗಿಂತ ಸ್ವಲ್ಪ ಮೇಲಿರಬೇಕು. ಎಷ್ಟು ಎಂಬುದು ಕೈಪಿಡಿಯಲ್ಲಿ ಆಫ್‌ಸೆಟ್ ಎಂಬ ಹೆಸರಿನಲ್ಲಿರುತ್ತದೆ. ಅದು ಚಿತ್ರದ ಎತ್ತರದ ಶೇ 10 ಎಂದಿದ್ದರೆ ನಿಮ್ಮ ಲೆನ್ಸು ನೆಲದಿಂದ ಸುಮಾರು 2.13 ಮೀಟರಿನಲ್ಲಿರಬೇಕು. ಅಂದರೆ ಸೀಲಿಂಗಿನಿಂದ ಮುಕ್ಕಾಲು ಮೀಟರಿಗೂ ಮೀರಿದ ಕೊಳವೆ ಇಳಿಬಿಡಬೇಕು. ಹಾಗೆ ಇಳಿಬಿಟ್ಟರೆ ಬೆಳಕು ಎಂಟಡಿ ಎತ್ತರದಲ್ಲಿ ತಿರುಗುವ ರೆಕ್ಕೆಗಳ ಕೆಳಗಿನಿಂದಲೇ ಹಾದುಹೋಗುತ್ತದೆ. 120 ಇಂಚಿನ ಪರದೆಯಾದರೆ ಮೇಲಂಚು 2.25 ಮೀಟರಿಗೂ ಲೆನ್ಸು 2.4 ಮೀಟರಿಗೂ ಏರಿ, ಬೆಳಕು ರೆಕ್ಕೆಯನ್ನು ಸವರಿಕೊಂಡೇ ಹೋಗುತ್ತದೆ. 100 ಇಂಚಿಗೆ ನಾನು ನಿಂತದ್ದು ಇದಕ್ಕೆ. ಕೊಳವೆಯ ಬುಡದಲ್ಲಿ ಎತ್ತರದವರ ತಲೆ ತಾಗದಂತೆ ಸೋಫಾದ ಮುಂದಿನ ಓಡಾಟದ ದಾರಿಯನ್ನು ಒಮ್ಮೆ ನಡೆದು ನೋಡಿ.

ಫ್ಯಾನಿನ ಗಾಳಿಯೇ ಬಿಗಿದ ಪರದೆ ಬೇಕೆನ್ನುವುದಕ್ಕೂ ಕಾರಣ. ಬೆಲೆ ಕಡಿಮೆಯ ಎಳೆಯುವ ಪರದೆಯಲ್ಲಾಗಲಿ, ಸಾದಾ ಮೋಟಾರು ಪರದೆಯಲ್ಲಾಗಲಿ ಬಟ್ಟೆ ಮೇಲಿನಿಂದ ಸುಮ್ಮನೆ ಜೋತುಬಿದ್ದಿರುತ್ತದೆ. ಗಾಳಿಗೆ ಅಲುಗುತ್ತದೆ, ಒಂದೆರಡು ವರ್ಷಗಳಲ್ಲಿ ಅಂಚುಗಳು ಒಳಕ್ಕೆ ಸುರುಳಿಯಾಗಿ ನಡುವೆ ಅಲೆಗಳೇಳುತ್ತವೆ. ಕ್ಯಾಮೆರಾ ಮೈದಾನದ ಉದ್ದಕ್ಕೂ ತಿರುಗಿದಾಗ ಬೌಂಡರಿಯ ಗೆರೆ ಹಾವಿನಂತೆ ಹರಿಯುವುದು ಈ ಅಲೆಗಳಿಂದ. ಟ್ಯಾಬ್ ಟೆನ್ಷನ್ ಎಂದು ಮಾರುವ ಪರದೆಯಲ್ಲಿ ಎರಡೂ ಅಂಚುಗಳನ್ನು ಒಳಬಾಗಿದಂತೆ ಕತ್ತರಿಸಿ, ಅವುಗಳಿಗೆ ದಾರ ಪೋಣಿಸಿ, ಕೆಳಗಿನ ಕಂಬಿಯ ಭಾರದಿಂದ ಬಟ್ಟೆಯನ್ನು ಪಕ್ಕಕ್ಕೂ ಎಳೆದಿರುತ್ತಾರೆ. ಬೆಲೆ ಗಣನೀಯವಾಗಿ ಹೆಚ್ಚು. ಹಣ ಎಲ್ಲಿ ಕಡಿಮೆ ಮಾಡಲಿ ಎಂದು ಕೇಳಿದರೆ ಗಾತ್ರದಲ್ಲಿ ಮಾಡಿ, ಬಿಗಿತದಲ್ಲಿ ಬೇಡ ಎನ್ನುತ್ತೇನೆ. ಚೌಕಟ್ಟಿಗೆ ಬಿಗಿದು ಗೋಡೆಗೆ ಖಾಯಂ ಆಗಿ ಹಾಕುವ ಪರದೆ ಇದಕ್ಕಿಂತಲೂ ಒಳ್ಳೆಯದು ಮತ್ತು ಅಗ್ಗ; ಆದರೆ ಟಿ.ವಿ. ಇರುವ ಗೋಡೆಗೆ ಅದು ಆಗದು.

ಗೋಡೆಗೆ ಬಣ್ಣ ಬಳಿಯಿರಿ ಎಂದ ಮೂರನೆಯವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಪುಟ್ಟಿ ಹಾಕಿ ನುಣುಪಾಗಿ ಉಜ್ಜಿದ, ಹೊಳಪಿಲ್ಲದ ಅಪ್ಪಟ ಬಿಳಿ ಎಮಲ್ಷನ್ ಬಳಿದು, ಸುತ್ತ ಮೂರು ಇಂಚು ಕಪ್ಪು ಅಂಚು ಕಟ್ಟಿದ ಗೋಡೆ ಅಗ್ಗದ ಎಳೆಯುವ ಪರದೆಗಿಂತ ಎಷ್ಟೋ ಮೇಲು. ಕರಣೆಯ ಉಬ್ಬುತಗ್ಗುಗಳಿರುವ, ಕೆನೆ ಬಣ್ಣದ, ಟೆಕ್ಸ್‌ಚರ್ ಮಾಡಿಸಿದ ಗೋಡೆ ಆಗದು. ಟಿ.ವಿ.ಯನ್ನು ಉಳಿಸಿಕೊಳ್ಳುವ ನಿಮಗೆ ಇದು ಕೊನೆಯ ಉತ್ತರವಾಗಲಾರದು. ಆದರೆ ಪರೀಕ್ಷೆಗೆ ಬಹಳ ಉಪಯುಕ್ತ. ಪರದೆಗೆ ಹಣ ಕೊಡುವ ಮೊದಲು ಒಂದು ವಾರ ಟಿ.ವಿ.ಯನ್ನು ಗೋಡೆಯಿಂದ ಇಳಿಸಿ, ಮಾಸ್ಕಿಂಗ್ ಟೇಪಿನಿಂದ 221×124.5 ಸೆಂ.ಮೀ.ನ ಚೌಕವನ್ನು ನೆಲದಿಂದ 76 ಸೆಂ.ಮೀ. ಬಿಟ್ಟು ಗುರುತು ಮಾಡಿ, ಚಿತ್ರ ಆ ಗುರುತಿಗೆ ಕೂರುವಷ್ಟು ಎತ್ತರದ ಮೇಜಿನ ಮೇಲೆ ಪ್ರೊಜೆಕ್ಟರ್ ಇಟ್ಟು ಮನೆಯವರೆಲ್ಲ ತಮ್ಮ ತಮ್ಮ ಜಾಗದಲ್ಲಿ ಕುಳಿತು ನೋಡಿ. 110 ಇಂಚಿನ ಚೌಕವನ್ನೂ ಒಮ್ಮೆ ಹಾಕಿ ನೋಡಿ. ದಿವಾನದಲ್ಲಿ ಕುಳಿತವರ ಅಭಿಪ್ರಾಯಕ್ಕೆ ಹೆಚ್ಚು ತೂಕ ಕೊಡಿ.

ನಿರ್ವಹಣೆಯ ಮಾತು ಸ್ವಲ್ಪವೇ ಇದೆ. ಧೂಳನ್ನು ಮೆತ್ತನೆಯ ಒಣ ಬಟ್ಟೆಯಿಂದ ಸವರಿ ತೆಗೆಯಿರಿ. ಕಲೆಯಾದರೆ ಸೌಮ್ಯ ಸೋಪಿನ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆ ಸಾಕು, ಗಾಜು ಒರೆಸುವ ದ್ರವಗಳು ಬೇಡ. ಒದ್ದೆಯಾದ ಬಟ್ಟೆಯನ್ನು ಒಣಗುವ ಮೊದಲು ಸುತ್ತಬೇಡಿ. ಮೈಸೂರಿನ ಹವೆಯಲ್ಲಿ ಇಷ್ಟೇ ಸಾಕು. ಕರಾವಳಿ, ಮಲೆನಾಡಿನ ಓದುಗರು ಮಾತ್ರ ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಪರದೆಯನ್ನು ಪೂರ್ತಿ ಇಳಿಸಿ ಫ್ಯಾನ್ ಹಾಕಿ ಬಿಡಬೇಕು, ಇಲ್ಲದಿದ್ದರೆ ಸುರುಳಿಯೊಳಗೆ ಬೂಷ್ಟು ಹಿಡಿಯುತ್ತದೆ.

ಫಿಟ್ಟಿಂಗ್ ಮಾಡುವವರು ಬರುವ ಮೊದಲೇ ಪೆಟ್ಟಿಗೆಯ ಮೋಟಾರು ಯಾವ ತುದಿಯಲ್ಲಿದೆ ಎಂದು ಕೇಳಿ ತಿಳಿದು, ಆ ತುದಿಗೆ ಅರ್ಥಿಂಗ್ ಇರುವ ಪ್ಲಗ್ ಪಾಯಿಂಟ್ ಕೊಡಿಸಿ. ಅದು ಇನ್ವರ್ಟರ್ ಲೈನಿನಲ್ಲಿದ್ದರೆ ಕರೆಂಟ್ ಹೋದಾಗ ಪರದೆ ಟಿ.ವಿ.ಯ ಮುಂದೆ ಅರ್ಧಕ್ಕೆ ನಿಂತುಬಿಡುವುದು ತಪ್ಪುತ್ತದೆ. ಪ್ರೊಜೆಕ್ಟರಿಗೆ ಹೋಗುವ ಎಚ್‌ಡಿಎಂಐ ಕೇಬಲ್ಲನ್ನು ಗೋಡೆಯೊಳಗೆ ಹಾಯಿಸುವುದಾದರೆ ಮುಂದೆ ಬದಲಿಸಲು ಬರುವಂತೆ ಅಗಲವಾದ ಪೈಪಿನೊಳಗೆ ಹಾಕಿಸಿ. ಪರದೆ ಕೂರಿಸಿದ ಮೇಲೆ ಪೂರ್ತಿ ಬಿಳಿ ಚಿತ್ರವೊಂದನ್ನು ಬಿಟ್ಟು, ಫ್ಯಾನನ್ನು ಪೂರ್ಣ ವೇಗದಲ್ಲಿ ಹಾಕಿ, ಬಟ್ಟೆಯನ್ನು ಪಕ್ಕದಿಂದ ಓರೆಯಾಗಿ ನೋಡಿ; ಅಲೆ ಇದ್ದರೆ ದಾರದ ಬಿಗಿತವನ್ನು ಅವರು ಅಲ್ಲೇ ಸರಿಮಾಡಬಹುದು. ಬಟ್ಟೆ ಎಲ್ಲಿ ನಿಲ್ಲಬೇಕೆಂಬ ಮಿತಿಯನ್ನು ಮೋಟಾರಿನಲ್ಲಿ ಹೊಂದಿಸುವ ವಿಧಾನವನ್ನು ಅವರು ಹೊರಡುವ ಮೊದಲು ತೋರಿಸಿಕೊಳ್ಳಿ, 76 ಸೆಂ.ಮೀ.ನ ಗುರುತಿಗೆ ಅದನ್ನು ತಂದು ನಿಲ್ಲಿಸಿದ ಮೇಲೆಯೇ ಉಳಿದ ಹಣ ಕೊಡಿ.